ಇಳಕಲ್ ಅಜ್ಜಿಯ ಫೋಟೋ: ಲೈಟ್ ಆರಿಸಿ ತೆಗೆದದ್ದು

ಇಳಕಲ್‌ನಲ್ಲಿ ಒಂದು ನೇಕಾರರ ಮನೆ. ಮೊಮ್ಮಗ ಈಗ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಸೀರೆ ಮಾರುತ್ತಾನೆ. ಅವನಿಗೆ ಅಜ್ಜಿಯದೊಂದು ಒಳ್ಳೆ ಫೋಟೋ ಬೇಕಿತ್ತು. ವ್ಯಾಪಾರಕ್ಕೂ ಆಗಬೇಕು, ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ಹಾಕಿದರೆ ಚೆಂದವೂ ಕಾಣಬೇಕು. ಅಜ್ಜಿ ರಾಟಿ ಮುಂದೆ ಕೂತು ಕಂಡಿಕೆ (ಲಾಳಿಯೊಳಗೆ ಹಾಕುವ ನೂಲಿನ ಸುರುಳಿ) ಸುತ್ತುತ್ತಿರಬೇಕು, ಹಿಂದೆ ಮಗ್ಗ ಕಾಣಬೇಕು, ಉಟ್ಟ ಸೀರೆಯ ಬಣ್ಣ ಇದ್ದ ಹಾಗೇ ಬರಬೇಕು. ಈ ಕೊನೆಯದನ್ನು ಸುಮ್ನೆ ಹೇಳಿದ್ದಲ್ಲ. ಫೋಟೋದಲ್ಲಿ ದಾಳಿಂಬೆ ಕೆಂಪು ಕಂಡ ಸೀರೆ ಪಾರ್ಸೆಲ್ ಬಿಚ್ಚಿದಾಗ ಬೇರೆ ಕೆಂಪಾಗಿದ್ದರೆ ಗಿರಾಕಿ ವಾಪಸ್ ಕಳಿಸುತ್ತಾರೆ, ಕೊರಿಯರ್ ಖರ್ಚು ಇವನ ತಲೆಗೆ.

ನನ್ನ ಹತ್ತಿರ ಬರುವ ಹೊತ್ತಿಗೆ ಇದೇ ಫೋಟೋ ಎರಡು ಸಲ ತೆಗೆದಾಗಿತ್ತು. ಎರಡನ್ನೂ ಕಳಿಸು ಅಂದೆ. ಕೆಟ್ಟ ಫೋಟೋ ನೋಡಿದರೆ ಆ ಜಾಗದ ಬೆಳಕು ಅರ್ಧ ಗೊತ್ತಾಗುತ್ತದೆ.

ಮೊದಲನೆಯದು ಯಾರೋ ಪರಿಚಯದ ಫೋಟೋಗ್ರಾಫರ್ ತೆಗೆದದ್ದು. ಕ್ಯಾಮೆರಾದ ಮೇಲೆ ಫ್ಲಾಶ್ ಕೂರಿಸಿ ನೇರ ಮುಖಕ್ಕೆ ಹೊಡೆದಿದ್ದರು. ಮುಖ ಬಿಳಿಚಿಕೊಂಡು ಚಪ್ಪಟೆ ಆಗಿತ್ತು, ಒಂದು ಸುಕ್ಕೂ ಕಾಣುತ್ತಿರಲಿಲ್ಲ, ಕನ್ನಡಕದ ಎರಡೂ ಗಾಜಿನಲ್ಲಿ ಬಿಳಿ ಚುಕ್ಕೆ. ಹಿಂದೆ ಮಗ್ಗ ಇರಬೇಕಾದ ಕಡೆ ಬರೀ ಕತ್ತಲೆ. ಇದಕ್ಕೆ ಕಾರಣ ಸರಳ. ಸಣ್ಣ ದೀಪದ ಬೆಳಕು ದೂರ ಎರಡು ಪಟ್ಟಾದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಜ್ಜಿ ಐದು ಅಡಿ ದೂರ, ಮಗ್ಗ ಹತ್ತು ಅಡಿ ದೂರ ಅಂದುಕೊಳ್ಳಿ, ಅಜ್ಜಿಗೆ ಬಿದ್ದ ಬೆಳಕಿನ ಕಾಲು ಪಾಲು ಮಾತ್ರ ಮಗ್ಗಕ್ಕೆ ಸಿಗುತ್ತದೆ. ಫ್ಲಾಶ್ ಎಷ್ಟೇ ಜೋರು ಮಾಡಿದರೂ ಈ ಲೆಕ್ಕ ಬದಲಾಗಲ್ಲ. ಮುಖ ಇನ್ನಷ್ಟು ಬೆಳ್ಳಗಾಗುತ್ತದೆ, ಅಷ್ಟೇ.

ಎರಡನೆಯದು ಮೊಮ್ಮಗನೇ ಮೊಬೈಲಿನಲ್ಲಿ ಬೆಳಿಗ್ಗೆ ತೆಗೆದದ್ದು. ಇದು ಇನ್ನೂ ಮಜಾ. ಗದ್ದದ ಕೆಳಗೆ ಕೆಂಪು, ಒಂದು ಕೆನ್ನೆ ಹಸಿರು, ಹಣೆ ಮೇಲೆ ನೀಲಿ ಹೊಳಪು, ಕಣ್ಣಿದ್ದ ಕಡೆ ಎರಡು ಕಪ್ಪು ಗುಳಿ. ಒಂದೇ ಮುಖದಲ್ಲಿ ನಾಲ್ಕು ಬಣ್ಣ! ಫೋನ್ ಮಾಡಿ, "ಅಣ್ಣಾರ, ಬೆಳಕು ಸಾಲವಲ್ದು, ಇನ್ನೊಂದು ಲೈಟ್ ತರೂಣೇನ್ರಿ?" ಅಂತ ಕೇಳಿದ. ಆಗಲೇ ಆನ್‌ಲೈನಿನಲ್ಲಿ ಬಳೆಯ ಹಾಗೆ ದುಂಡಗಿರುವ ಒಂದು ರಿಂಗ್ ಲೈಟ್ ತರಿಸಿ ಹಚ್ಚಿದ್ದ.

ಏನೂ ತರಬೇಡ, ನಾನು ಬಂದು ನೋಡ್ತೀನಿ ಅಂದೆ.

ಮನೆ ಹಳೆಯದು. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಪಡಸಾಲೆಗೆ ಬಾಗಿಲು ಒಂದೇ, ಅದು ಪೂರ್ವಕ್ಕೆ. ಒಳಗಿನ ಮೂಲೆಯಲ್ಲಿ ನೆಲದ ಗುಂಡಿಯೊಳಗೆ ಕಾಲಿಟ್ಟು ಕೂತು ನೇಯುವ ಮಗ್ಗ. ಮಗ್ಗದ ಮೇಲೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಎಡಗಡೆ ಗೋಡೆಗೆ ಗಿಳಿ ಹಸಿರು ಆಯಿಲ್ ಪೇಂಟ್, ನಮ್ಮ ಕಡೆ ಅದೊಂದು ಬಣ್ಣ ಯಾಕೆ ಅಷ್ಟು ಪ್ರೀತಿಯೋ ಗೊತ್ತಿಲ್ಲ. ನೆಲಕ್ಕೆ ಇತ್ತೀಚೆಗೆ ಊರಿನದೇ ಕೆಂಪು ಗ್ರಾನೈಟ್ ಹಾಕಿಸಿ ಪಾಲಿಶ್ ಮಾಡಿಸಿದ್ದರು. ಇಳಕಲ್ ಅಂದರೆ ಸೀರೆ ಹೇಗೋ ಕೆಂಪು ಕಲ್ಲೂ ಹಾಗೇ ಅಲ್ವಾ. ನಡುವೆ ಒಂದು ಎಲ್‌ಇಡಿ ಬಲ್ಬ್ ಜೋತಾಡುತ್ತಿತ್ತು.

ಮೊಮ್ಮಗನ ಫೋಟೋದ ನಾಲ್ಕು ಬಣ್ಣ ಎಲ್ಲಿಂದ ಬಂತು ಅಂತ ಅಲ್ಲಿ ನಿಂತರೆ ತಾನಾಗೇ ತಿಳಿಯುತ್ತದೆ. ಬೆಳಿಗ್ಗೆ ಬಾಗಿಲಿಂದ ಬಿಸಿಲು ನೇರ ಒಳಗೆ ಬಂದು ಕೆಂಪು ನೆಲಕ್ಕೆ ಬಡಿಯುತ್ತದೆ, ಅಲ್ಲಿಂದ ಕೆಂಪಾಗಿ ಎದ್ದು ಗದ್ದಕ್ಕೆ ಹೋಗುತ್ತದೆ. ಗೋಡೆಗೆ ಬಿದ್ದದ್ದು ಹಸಿರಾಗಿ ಕೆನ್ನೆಗೆ ಬರುತ್ತದೆ. ಬೆಳಕಿಂಡಿ ಆಕಾಶದ ನೀಲಿ ತರುತ್ತದೆ. ತಲೆ ಮೇಲಿನ ಬಲ್ಬಿನಿಂದ ಹುಬ್ಬಿನ ನೆರಳು ಕಣ್ಣೊಳಗೆ ಬೀಳುತ್ತದೆ. ಎದುರಿಗೆ ರಿಂಗ್ ಲೈಟ್. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳಿಸದ ಹಾಗೆ ಆಗಿತ್ತು ಅಜ್ಜಿಯ ಮುಖ. ಹುಡುಗನಿಗೆ ಬೆಳಕು ಕಡಿಮೆ ಅನ್ನಿಸಿತ್ತು, ನನಗೆ ಜಾಸ್ತಿ ಅನ್ನಿಸಿತು. ಹಾಗಾಗಿ ಈ ಕೆಲಸದಲ್ಲಿ ನಾವು ಮಾಡಿದ್ದರಲ್ಲಿ ಹೆಚ್ಚಿನದು ಬೆಳಕು ತೆಗೆದು ಹಾಕುವುದೇ.

ಮೊದಲು ಹೋದದ್ದು ರಿಂಗ್ ಲೈಟ್. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಜೋರು ಬೆಳಕು ಎದುರಿಗಿದ್ದರೆ ಕಣ್ಣಲ್ಲಿ ನೀರು ಬರುತ್ತದೆ. ಅದೂ ಸಾಲದು ಅಂತ ಕನ್ನಡಕದಲ್ಲಿ ಎರಡು ಬಳೆ ಮೂಡುತ್ತವೆ. ಆಮೇಲೆ ಎಲ್‌ಇಡಿ ಬಲ್ಬ್. ಇದರ ಬಗ್ಗೆ ಸ್ವಲ್ಪ ಹೇಳಬೇಕು, ಸೀರೆ ಮಾರುವ ಎಲ್ಲರಿಗೂ ಬೇಕಾದ ವಿಷಯ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ಅಗ್ಗದ ಎಲ್‌ಇಡಿಯಲ್ಲಿ ಗಾಢ ಕೆಂಪಿನ ಪಾಲು ಬಹಳ ಕಡಿಮೆ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನೋದಕ್ಕೆ ಸಿಆರ್‌ಐ ಅಂತ ಒಂದು ಅಳತೆ ಇದೆ, ಬಿಸಿಲಿಗೆ 100, ಮನೆ ಬಲ್ಬುಗಳಿಗೆ ಸಾಮಾನ್ಯವಾಗಿ 80ರ ಆಸುಪಾಸು. ಇಳಕಲ್ ಸೀರೆಯ ಸೆರಗು ಕೆಂಪು ರೇಷ್ಮೆ, ಅದರ ಮೇಲೆ ತೆನೆ ಅಂತ ಕರೆಯುವ ಬಿಳಿ ವಿನ್ಯಾಸ. ಆ ಕೆಂಪಿಗೆ ಬೇಕಾದ ಬೆಳಕೇ ಬಲ್ಬಿನಲ್ಲಿ ಇಲ್ಲದಿದ್ದರೆ ಸೆರಗು ಮಂಕಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಕ್ಯಾಮೆರಾದಲ್ಲಿ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ತಿರುಗಿಸಿ ಸರಿ ಮಾಡಲು ಆಗಲ್ಲ. ಇಲ್ಲದ್ದನ್ನು ಎಲ್ಲಿಂದ ತರುವುದು?

ಬಲ್ಬ್ ಆರಿಸಿದ ಕೂಡಲೇ ಅಜ್ಜಿ ಶುರು ಮಾಡಿದರು. "ಇದ್ದ ಲೈಟೂ ಆರಿಸಿದ್ಯಲ್ಲೋ ತಮ್ಮಾ, ಕತ್ತಲದಾಗ ಫೋಟೋ ಬರ್ತೈತೇನು?"

ಬರ್ತದ ಯವ್ವಾ, ಮಧ್ಯಾಹ್ನ ಆಗಲಿ ಅಂದೆ.

ಮಧ್ಯಾಹ್ನಕ್ಕೆ ಕಾದದ್ದು ಎದುರು ಮನೆಯ ಗೋಡೆಗಾಗಿ. ಬಾಗಿಲು ಪೂರ್ವಕ್ಕಿದ್ದರೆ ಬೆಳಿಗ್ಗೆಯೇ ಫೋಟೋ ತೆಗೆಯಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಬೆಳಿಗ್ಗೆಯ ನೇರ ಬಿಸಿಲು ಮುಖಕ್ಕೆ ಗಡಸು, ಮೂಗಿನ ನೆರಳು ಕೆನ್ನೆ ಮೇಲೆ ಗೆರೆ ಎಳೆದ ಹಾಗೆ ಬೀಳುತ್ತದೆ. ಮಧ್ಯಾಹ್ನ ದಾಟಿ ಸೂರ್ಯ ಪಶ್ಚಿಮಕ್ಕೆ ವಾಲಿದ ಮೇಲೆ ಈ ಮನೆಯ ಬಾಗಿಲಿಗೆ ಬಿಸಿಲಿಲ್ಲ. ಬಿಸಿಲೆಲ್ಲ ಓಣಿಯ ಆಚೆ ಬದಿಯ ಮನೆಯ ಮುಖಕ್ಕೆ. ಆ ಗೋಡೆಗೆ ಸುಣ್ಣ ಹೊಡೆದಿದ್ದರು. ಇಡೀ ಗೋಡೆ ಬೆಳಗಿ, ಅದರ ಬೆಳಕು ಓಣಿ ದಾಟಿ ನಮ್ಮ ಬಾಗಿಲೊಳಗೆ ಬರುತ್ತಿತ್ತು. ಇದಕ್ಕಿಂತ ದೊಡ್ಡ ರಿಫ್ಲೆಕ್ಟರ್ ಯಾವ ಸ್ಟುಡಿಯೋದಲ್ಲೂ ಸಿಗಲ್ಲ. ಮುಖದ ಕಡೆಯಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೋ ನೆರಳಿನ ಅಂಚು ಅಷ್ಟು ಮೆತ್ತಗಾಗುತ್ತದೆ. ಸೂರ್ಯ ದೊಡ್ಡದೇ, ಆದರೆ ದೂರ ಇರೋದರಿಂದ ನಮಗೆ ಚುಕ್ಕೆ. ಹತ್ತಿರ ಕೂತವರಿಗೆ ಬಾಗಿಲೇ ದೊಡ್ಡದು.

ಎದುರು ಗೋಡೆಯ ಬಣ್ಣ ಗುಲಾಬಿಯೋ ಹಳದಿಯೋ ಆಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ, ಅದೂ ಹೇಳಬೇಕು.

ಇನ್ನು ಅಜ್ಜಿಯನ್ನು ಎಲ್ಲಿ ಕೂರಿಸುವುದು? ಕ್ಯಾಮೆರಾ ಚೀಲದಿಂದ ತೆಗೆಯುವ ಮೊದಲು ಮುಷ್ಟಿ ಕಟ್ಟಿ, ಅವರ ಮುಖ ಬರುವ ಎತ್ತರದಲ್ಲಿ ಹಿಡಿದು, ಬಾಗಿಲಿನಿಂದ ಒಳಗೆ ಹೆಜ್ಜೆ ಹೆಜ್ಜೆಯಾಗಿ ನಡೆದೆ. ಬೆರಳಿನ ಗೆಣ್ಣುಗಳ ಮೇಲೆ ಬೆಳಕು ಹೇಗೆ ಬೀಳುತ್ತದೆ, ನೆರಳು ಎಲ್ಲಿ ಶುರುವಾಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಗೆಣ್ಣಿನ ಸುಕ್ಕು ಕಂಡರೆ ಮುಖದ ಸುಕ್ಕೂ ಕಾಣುತ್ತದೆ. ಕಾಸು ಖರ್ಚಿಲ್ಲದ ಮೀಟರ್ ಇದು, ಕೂತವರಿಗೆ ಸುಸ್ತೂ ಆಗಲ್ಲ.

ಬಾಗಿಲ ಪಕ್ಕದಲ್ಲೇ ಕೂರಿಸಿದರೆ ಮುಖಕ್ಕೆ ಬಹಳ ಚೆಂದದ ಬೆಳಕು. ಆದರೆ ಬಾಗಿಲಿನಿಂದ ಮೊದಲ ಕೆಲವು ಅಡಿಯಲ್ಲಿ ಬೆಳಕು ಬೇಗ ಬೇಗ ಇಳಿಯುತ್ತದೆ, ಒಳಗೆ ಹೋದಂತೆ ನಿಧಾನಕ್ಕೆ ಇಳಿಯುತ್ತದೆ. ಅಂದರೆ ಅಜ್ಜಿ ಬಾಗಿಲ ಬಳಿ ಇದ್ದರೆ ಅವರಿಗೂ ಮಗ್ಗಕ್ಕೂ ಅಜಗಜಾಂತರ, ಫ್ಲಾಶ್ ಫೋಟೋದ ಹಾಗೇ ಮಗ್ಗ ಕತ್ತಲಾಗುತ್ತದೆ. ತೀರ ಒಳಗೆ ಕೂರಿಸಿದರೆ ಮಗ್ಗ ಕಾಣುತ್ತದೆ, ಆದರೆ ಅಲ್ಲಿಂದ ಬಾಗಿಲು ಸಣ್ಣದಾಗಿ ಕಾಣೋದರಿಂದ ಬೆಳಕು ಗಡಸಾಗುತ್ತದೆ, ಬೆಳಕೂ ಸಾಲಲ್ಲ. ಕೊನೆಗೆ ಬಾಗಿಲಿನಿಂದ ಏಳು ಅಡಿಯಷ್ಟು ಒಳಗೆ ರಾಟಿ ಇಡಿಸಿದೆ. ಮುಖ ಮೆತ್ತಗೆ, ಮಗ್ಗ ಮಸುಕಾಗಿ. ಮಗ್ಗ ಪೂರ್ತಿ ಕಾಣಬೇಕಿಲ್ಲ, ಮಗ್ಗ ಅಂತ ಗೊತ್ತಾದರೆ ಸಾಕು.

ಬೆಳಕಿಂಡಿ ಮುಚ್ಚಿಸಬೇಕು ಅಂತಲೇ ನನ್ನ ಮನಸ್ಸಿನಲ್ಲಿತ್ತು. ಹುಡುಗ ಮಾಳಿಗೆ ಹತ್ತಿ ಒಂದು ಪರಾತ ಡಬ್ಬು ಹಾಕಿದ. ನೋಡಿದರೆ ಅಜ್ಜಿಯ ತಲೆ ಮೇಲಿನ ಸೆರಗು ಹಿಂದಿನ ಕತ್ತಲೆಯಲ್ಲಿ ಕರಗಿ ಹೋಯಿತು, ಮಗ್ಗದ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಎಳೆಗಳೂ ಹೋದವು. ಅರ್ಧ ಸರಿಸು ಅಂದೆ. ಪರಾತ ಸರಿದ ಹಾಗೆ ಹಾಸಿನ ನೂಲು ಒಂದೊಂದೇ ಎಳೆ ಬೆಳ್ಳಿ ಗೆರೆಯಾಗಿ ಎದ್ದು ಬಂತು, ಅಜ್ಜಿಯ ನೆತ್ತಿಯ ಮೇಲೆ ಸೆರಗಿಗೆ ಸಣ್ಣದೊಂದು ಅಂಚು ಸಿಕ್ಕಿತು. ಬೆಳಕಿಂಡಿ ಅವರ ತಲೆ ಮೇಲಿರದೆ ಹಿಂದೆ ಮಗ್ಗದ ಮೇಲಿದ್ದದ್ದು ಒಳ್ಳೆಯದಾಯಿತು. ತಲೆ ಮೇಲಿದ್ದರೆ ಮತ್ತೆ ಕಣ್ಣು ಗುಳಿ.

ನಾನು ನಿಂತದ್ದು ಹಸಿರು ಗೋಡೆಗೆ ಬೆನ್ನು ಕೊಟ್ಟು. ಬಾಗಿಲ ಬೆಳಕು ನನ್ನ ಬಲಗಡೆಯಿಂದ ಅಡ್ಡವಾಗಿ ಅಜ್ಜಿಗೆ ಬೀಳುತ್ತಿತ್ತು. ನನ್ನ ಕಡೆಗಿದ್ದ ಕೆನ್ನೆ ನೆರಳಲ್ಲಿ, ಆಚೆ ಕೆನ್ನೆ ಬೆಳಕಲ್ಲಿ. ಮುಖದ ಅಗಲ ಕಡಿಮೆ ಕಾಣುವ ಬದಿಗೆ ಬೆಳಕು, ಅಗಲ ಕಾಣುವ ಬದಿಗೆ ನೆರಳು ಕೊಟ್ಟರೆ ಮುಖಕ್ಕೆ ಉಬ್ಬುತಗ್ಗು ಬರುತ್ತದೆ. ಆದರೆ ಆ ನೆರಳಿನ ಕೆನ್ನೆ ಹಸಿರು ಗೋಡೆಯನ್ನೇ ನೋಡುತ್ತಿತ್ತು. ಮನೆಯಲ್ಲಿ ಕರಿ ಕಂಬಳಿ ಐತೇನು ಅಂತ ಕೇಳಿದೆ. ನಮ್ಮ ಕಡೆ ಕಂಬಳಿ ಇಲ್ಲದ ಮನೆ ಎಲ್ಲಿದೆ? ಅದನ್ನು ಗೋಡೆಗೆ ಮೊಳೆ ಹೊಡೆದು ಇಳಿಬಿಟ್ಟೆವು. ಕುರಿ ಉಣ್ಣೆಯ ಕಂಬಳಿಗೆ ಹೊಳಪೇ ಇಲ್ಲ, ಬಿದ್ದ ಬೆಳಕನ್ನೆಲ್ಲ ನುಂಗುತ್ತದೆ. ದುಡ್ಡು ಕೊಟ್ಟು ತರುವ ಕಪ್ಪು ಬಟ್ಟೆಗಳಿಗಿಂತ ನನಗೆ ಇದೇ ವಾಸಿ. ಹಸಿರು ಮಾಯವಾಯಿತು.

ಈಗ ಆ ಕೆನ್ನೆ ಜಾಸ್ತಿಯೇ ಕಪ್ಪಾಯಿತು. ಅದಕ್ಕೆ ಒಂದು ಬಿಳಿ ಧೋತರ ಮಡಚಿ ರಾಟಿಯ ಮುಂದೆ ನೆಲಕ್ಕೆ ಹಾಸಿದೆವು, ಫ್ರೇಮಿನಲ್ಲಿ ಬರದ ಹಾಗೆ. ಕೆಂಪು ಗ್ರಾನೈಟ್ ಮುಚ್ಚಿತು, ಗದ್ದದ ಕೆಳಗಿನ ಕೆಂಪು ಹೋಯಿತು. ಜೊತೆಗೆ ಬಿಳಿ ಬೆಳಕು ಸ್ವಲ್ಪ ಮೇಲೆದ್ದು ನೆರಳಿನ ಕೆನ್ನೆಯನ್ನು ಎತ್ತಿತು. ಬೆಳಕು ಸೇರಿಸಿದ್ದು ಅಂದರೆ ಇದೊಂದೇ.

ಕನ್ನಡಕದ್ದು ದೊಡ್ಡ ತಲೆನೋವು. ಹಾಕದೇ ತೆಗೆಯೋಣ ಅಂತ ಅಜ್ಜಿಯ ಮಗ ಅಂದರು, ನನಗೆ ಒಪ್ಪಿಗೆ ಆಗಲಿಲ್ಲ. ದಿನಾ ಕನ್ನಡಕ ಹಾಕುವವರ ಮುಖದಿಂದ ಅದನ್ನು ತೆಗೆದರೆ ಮೂಗಿನ ಮೇಲೆ ಎರಡು ಗುಂಡಿ ಉಳಿಯುತ್ತವೆ, ಕಣ್ಣು ಕಿರಿದಾಗುತ್ತದೆ, ಮನೆಯವರಿಗೇ ಗುರುತು ಹತ್ತಲ್ಲ. ಗಾಜು ಚಪ್ಪಟೆಯಾಗಿ ಇರುವಾಗ ಬೆಳಕು ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಆಚೆ ಹಾರುತ್ತದೆ. ಮೂಗು ಸರಿಯಾಗಿ ಕ್ಯಾಮೆರಾಕ್ಕೂ ಬಾಗಿಲಿಗೂ ನಟ್ಟನಡುವೆ ತಿರುಗಿದ್ದರೆ ಇಡೀ ಬಾಗಿಲು ಗಾಜಿನೊಳಗೆ ಬಂದು ಕೂರುತ್ತದೆ. ಅಜ್ಜಿ ಅಲ್ಲೇ ತಿರುಗಿದ್ದರು. "ಯವ್ವಾ, ಮಾರಿ ಸ್ವಲ್ಪ ನನ್ನ ಕಡೆ ತಿರುಗಸ್ರಿ, ಇನ್ನ ಸ್ವಲ್ಪ, ಹಾಂ ಸಾಕು." ಒಂದು ಗೇಣು ತಿರುಗಿದ್ದಕ್ಕೆ ಗಾಜಿನಲ್ಲಿ ಬಾಗಿಲು ಜಾರಿ ಹೋಗಿ ಪಕ್ಕದ ಕತ್ತಲ ಗೋಡೆ ಬಂತು, ಅಂದರೆ ಗಾಜು ಸ್ವಚ್ಛ. ಉಳಿದ ಸಣ್ಣ ಹೊಳಪಿಗೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿಸಿದೆ, ಸೆರಗಿನೊಳಗೆ ಯಾರಿಗೂ ಕಾಣಲ್ಲ. ಕಣ್ಣುಗುಡ್ಡೆ ಮಾತ್ರ ದುಂಡಗಿದೆ ಅಲ್ವಾ, ಅದರಲ್ಲಿ ಬಾಗಿಲು ಉದ್ದನೆಯ ಸಣ್ಣ ಹೊಳಪಾಗಿ ಉಳಿಯಿತು. ಆ ಚುಕ್ಕೆ ಇಲ್ಲದಿದ್ದರೆ ಕಣ್ಣು ಸತ್ತ ಹಾಗೆ ಕಾಣುತ್ತದೆ.

ಇಷ್ಟು ತಿರುಗಿಸಿದ್ದರಿಂದ ಇನ್ನೊಂದು ಲಾಭ ಆಯಿತು. ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ ಒಂದು ಸಣ್ಣ ಬೆಳಕಿನ ತ್ರಿಕೋನ ಮೂಡಿತು. ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಿನಲ್ಲಿ ಸ್ಟುಡಿಯೋದವರು ಕರೆಯುವ ಬೆಳಕು ಇದೇ. ಹದಿನೇಳನೇ ಶತಮಾನದಲ್ಲಿ ಅವನು ಬರೆದ ಮುಖಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ.

ಸೆರಗಿನದ್ದು ಕೊನೆಗೆ ಕಂಡಿತು. ನಮ್ಮ ಕಡೆಯ ಹಿರಿಯ ಹೆಂಗಸರು ತಲೆ ಮೇಲೆ ಸೆರಗಿಲ್ಲದೆ ಫೋಟೋಕ್ಕೆ ಕೂರಲ್ಲ, ಕೂರಿಸಲೂಬಾರದು. ಆದರೆ ಕೆಂಪು ರೇಷ್ಮೆ ಹಣೆಯ ತನಕ ಬಂದಿದ್ದರೆ ಅದರ ಕೆಂಪು ಕಪಾಳಕ್ಕೆ ಬಳಿದುಕೊಳ್ಳುತ್ತದೆ, ಹಣೆಗೆ ನೆರಳೂ ಬೀಳುತ್ತದೆ. ಸೊಸೆಯನ್ನು ಕರೆದು ಎರಡು ಬೆರಳಿನಷ್ಟು ಹಿಂದೆ ಸರಿಸಲು ಹೇಳಿದೆ. ಕಿವಿಯ ಬುಗುಡಿಗೂ ಬೆಳಕು ಸಿಕ್ಕಿತು.

ಅಷ್ಟರಲ್ಲಿ ಓಣಿಯ ಹುಡುಗರೆಲ್ಲ ಬಾಗಿಲಲ್ಲಿ ಜಮಾ. ಒಬ್ಬೊಬ್ಬ ಬಂದು ನಿಂತ ಹಾಗೆ ಅಜ್ಜಿಯ ಮುಖ ಒಂದೊಂದು ಮೆಟ್ಟಿಲು ಕತ್ತಲಾಗುತ್ತಿತ್ತು, ಒಬ್ಬನ ಹಳದಿ ಅಂಗಿ ಧೋತರದ ಮೇಲೆ ಕಾಣುತ್ತಿತ್ತು. ಎಲ್ಲರನ್ನೂ ಒಳಗೆ ಕರೆದು ನನ್ನ ಹಿಂದೆ ಕೂರಿಸಿದೆ. ಅಜ್ಜಿಗೂ ನೋಡಲು ಯಾರಾದರೂ ಸಿಕ್ಕರು. "ಈಗೇ ಹಾರ ಹಾಕಾಕ ತಯಾರಿ ನಡಸೀರೇನೋ?" ಅಂತ ಅವರು ಅಂದಾಗ ಹುಡುಗರು ನಕ್ಕರು, ಅಜ್ಜಿಯೂ ನಕ್ಕರು. ಆಮೇಲೆ ಕೈ ತಾನಾಗೇ ರಾಟಿ ತಿರುಗಿಸತೊಡಗಿತು. ಬೇಕಾದ ಫೋಟೋಗಳೆಲ್ಲ ಆ ಹೊತ್ತಿನವೇ.

ಸೆಟ್ಟಿಂಗ್ ಕೇಳುವವರಿಗೆ: ಐಎಸ್‌ಒ 800, ಅಪರ್ಚರ್ 2.8, ಶಟರ್ 1/125. ಅಜ್ಜಿಯ ಮುಖದ ಬಳಿ ಗ್ರೇ ಕಾರ್ಡ್ (ಬಣ್ಣ ಹೊಂದಿಸಲು ಬಳಸುವ ಬೂದು ರಟ್ಟು) ಹಿಡಿದು ಒಂದು ಫೋಟೋ ತೆಗೆದು ಅದರ ಮೇಲೆ ಬಣ್ಣ ಸರಿ ಮಾಡಿದ್ದು. ಸುಣ್ಣದ ಗೋಡೆ ಬಿಸಿಲಲ್ಲಿ ಸ್ವಲ್ಪ ಹಳದಿಗೆ ವಾಲುತ್ತದೆ, ಅದು ಹೀಗೆ ಹೋಗುತ್ತದೆ. ಹುಡುಗ ಅದೇ ಜಾಗದಿಂದ ಮೊಬೈಲಿನಲ್ಲೂ ತೆಗೆದ. ಬ್ಯೂಟಿ ಮೋಡ್ ಆರಿಸಿ, ಮುಖದ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಬ್ರೈಟ್‌ನೆಸ್ ಸ್ವಲ್ಪ ಕೆಳಗೆ ಎಳೆದ. ಸೀರೆ ವ್ಯಾಪಾರದ ಪೇಜಿಗೆ ಅವನದೇ ಹಾಕಿದ್ದಾನೆ, ಏನೂ ಕಡಿಮೆ ಇಲ್ಲ.

ಕೆಳಗೆ ಎಳೆಯೋದು ಯಾಕೆ ಅಂದರೆ, ಹಿಂದೆ ಕತ್ತಲೆ ಜಾಸ್ತಿ ಇದ್ದಾಗ ಕ್ಯಾಮೆರಾ ಇಡೀ ಚಿತ್ರವನ್ನು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ, ಹಾಗೆ ಮಾಡುವಾಗ ಮುಖ ಬಿಳಿಚಿಕೊಳ್ಳುತ್ತದೆ. ಅಜ್ಜಿಯ ಮಗ ಮಾತ್ರ ಅದನ್ನೇ ಬಯಸಿದ್ದರು. "ಅವ್ವನ ಮಾರಿ ಸ್ವಲ್ಪ ಬೆಳ್ಳಗ ಬರಂಗ ಮಾಡ್ರಿ ಸರ." ಈ ಮಾತು ಎಲ್ಲ ಫೋಟೋಗ್ರಾಫರಿಗೂ ಗೊತ್ತು, ಬೇಜಾರು ಮಾಡಿಕೊಂಡು ಪ್ರಯೋಜನ ಇಲ್ಲ. ಇದರಲ್ಲಿ ಜನರದ್ದಷ್ಟೇ ತಪ್ಪಿಲ್ಲ. ಕೊಡ್ಯಾಕ್ ಕಂಪನಿ ಬಣ್ಣದ ಪ್ರಿಂಟ್ ಸರಿ ಮಾಡಲು ಲ್ಯಾಬುಗಳಿಗೆ ಕೊಡುತ್ತಿದ್ದ ಶರ್ಲಿ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಚರ್ಮದ ಹೆಂಗಸಿನ ಮುಖ. ಅದಕ್ಕೆ ಹೊಂದಿಸಿದ ಲ್ಯಾಬಿನಲ್ಲಿ ನಮ್ಮವರ ಮುಖ ಒಂದೋ ಕೆಸರು, ಇಲ್ಲ ಸುಣ್ಣ.

ವಾದ ಮಾಡದೆ ಎರಡು ಸಣ್ಣ ಪ್ರಿಂಟ್ ಹಾಕಿಸಿ ಕೊಟ್ಟೆ. ಒಂದರಲ್ಲಿ ಅವರು ಕೇಳಿದಷ್ಟು ಬೆಳ್ಳಗೆ, ಇನ್ನೊಂದು ಇದ್ದ ಹಾಗೆ. ಕಪ್ಪು ಚರ್ಮದ ಚೆಂದ ಇರೋದು ಅದರ ಮೇಲಿನ ಹೊಳಪಿನಲ್ಲಿ. ಕೆನ್ನೆಯ ಮೂಳೆ, ಹಣೆಯ ಗೆರೆ, ಮೂಗುತಿಯ ಪಕ್ಕದ ತಗ್ಗು, ಇವನ್ನು ತೋರಿಸುವುದು ಅಡ್ಡ ಬೆಳಕಿನ ಹೊಳಪೇ. ಒಟ್ಟಾರೆ ಬೆಳ್ಳಗೆ ಮಾಡಿದರೆ ಹೊಳಪಿಗೂ ಚರ್ಮಕ್ಕೂ ವ್ಯತ್ಯಾಸ ಹೋಗುತ್ತದೆ. ಸೆರಗಿನ ಬಿಳಿ ತೆನೆಗಳೂ ಕಾಗದದಲ್ಲಿ ಕರಗಿ ಹೋಗಿದ್ದವು. ಮಗ ಎರಡನ್ನೂ ಬಾಗಿಲಿಗೆ ಒಯ್ದು ನೋಡಿ, ಸೆರಗು ಹೋಗೇತಿ ಅಂತ ಬೆಳ್ಳಗಿನದನ್ನು ಪಕ್ಕಕ್ಕಿಟ್ಟರು. ನೇಕಾರರ ಕಣ್ಣು! ಮುಖಕ್ಕಾಗಿ ಅಲ್ಲದಿದ್ದರೂ ತೆನೆಗಾಗಿ ಒಪ್ಪಿದರು.

ದೊಡ್ಡ ಪ್ರಿಂಟಿಗೆ ನೆರಳನ್ನು ಮಾತ್ರ ಸ್ವಲ್ಪ ಎತ್ತಿದೆ, ಯಾಕೆಂದರೆ ಸ್ಕ್ರೀನಿನಲ್ಲಿ ಕಾಣುವ ನೆರಳು ಕಾಗದಕ್ಕೆ ಬಂದಾಗ ಇನ್ನೂ ಗಾಢವಾಗುತ್ತದೆ, ಅದರಲ್ಲೂ ಆ ಪಡಸಾಲೆಯ ಕಡಿಮೆ ಬೆಳಕಿನಲ್ಲಿ. ಮನೆಯವರು ಅದನ್ನು ಬಾಗಿಲ ಎದುರಿನ ಗೋಡೆಗೆ, ಗಾಜಿನ ಫ್ರೇಮಿನಲ್ಲಿ ಹಾಕುವವರಿದ್ದರು. ಹಾಗೆ ಹಾಕಿದರೆ ಹಗಲೆಲ್ಲ ಗಾಜಿನಲ್ಲಿ ಓಣಿಯೇ ಕಾಣುತ್ತದೆ. ಗಾಜು ಬೇಡ ಅಂದೆ, ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ ಕಂಬಳಿ ಇಳಿಬಿಟ್ಟಿದ್ದ ಹಸಿರು ಗೋಡೆಗೆ, ಅದೇ ಮೊಳೆಗೆ ಹಾಕಿದರು. ಬಾಗಿಲ ಬೆಳಕು ಅಲ್ಲಿಗೆ ಪಕ್ಕದಿಂದ ಬರುತ್ತದೆ.